ಸಿಯೋಲ್‌ನ ಸೊಚೊನ್: ಮೇಲಿನಿಂದ ಕೆಳಗೆ ನಡೆಯಿರಿ

ಗ್ಯಾಂಗ್‌ಬೊಕ್‌ಗುಂಗ್ ಅರಮನೆಯ ಪಶ್ಚಿಮಕ್ಕಿರುವ ಹಳೇ ಬಡಾವಣೆ ಸೊಚೊನ್. ಬಹಳ ಜನ ಮೆಟ್ರೊದಿಂದ ನೇರ ಮಾರುಕಟ್ಟೆಗೆ ಹೋಗಿ, ಹೊಟ್ಟೆ ತುಂಬಿದ ಮೇಲೆ ಏರು ಹತ್ತಲಾಗದೆ ಮರಳುತ್ತಾರೆ. ಉಲ್ಟಾ ಮಾಡಿ. 3ನೇ ಲೈನ್‌ನ ಗ್ಯಾಂಗ್‌ಬೊಕ್‌ಗುಂಗ್ ನಿಲ್ದಾಣದ 3ನೇ ದ್ವಾರದ ಬಳಿ ಜೊಂಗ್ನೊ 09 ಹಸಿರು ಬಸ್ ಹತ್ತಿ ಕೊನೇ ಸ್ಟಾಪ್ ಸುಸೊಂಗ್‌ದೊಂಗ್ ಕಣಿವೆಯಲ್ಲಿ ಇಳಿಯಿರಿ. ಬಸ್–ಮೆಟ್ರೊ ಟಿಕೆಟ್‌ಗೆ ಬಳಸುವ ಟಿ-ಮನಿ ಕಾರ್ಡ್ ಇರಲಿ. ಕೊರಿಯಾದ ಜೊಸೊನ್ ರಾಜವಂಶದ ಕಾಲದ ಚಿತ್ರಕಾರ ಜೊಂಗ್ ಸೊನ್ ಬರೆದ ಕಣಿವೆ ಇದೇ. ಚಿತ್ರದಲ್ಲಿರುವ ಕಲ್ಲುಸೇತುವೆ ಈಗಲೂ ಇದೆ. ತೊರೆಯಲ್ಲಿ ನೀರು ಕಾಣಬೇಕಾದರೆ ಮಳೆಯಾದ ಮರುದಿನ ಹೋಗಿ, ಉಳಿದಂತೆ ಬಹುಪಾಲು ಒಣಗಿರುತ್ತದೆ.

ಅಲ್ಲಿಂದ ಇಳಿಜಾರು. ದಾರಿಯಲ್ಲಿ ಪಾರ್ಕ್ ನೊ-ಸು ಕಲಾ ಸಂಗ್ರಹಾಲಯ, ಆಮೇಲೆ ತೊಂಗಿನ್ ಮಾರುಕಟ್ಟೆ. ಇಲ್ಲಿ ನಾಣ್ಯ ಕೊಂಡು, ಜೊತೆಗೆ ಕೊಡುವ ಖಾಲಿ ಊಟದ ಡಬ್ಬಿಗೆ ಅಂಗಡಿಗಳಿಂದ ತಿನಿಸು ತುಂಬಿಸಿಕೊಳ್ಳಬಹುದು. ಹಿತ್ತಾಳೆ ಬಣ್ಣದ ಒಂದು ನಾಣ್ಯಕ್ಕೆ 500 ವೊನ್. ಫಲಕ ಹಾಕಿದ ಅಂಗಡಿಗಳಲ್ಲಷ್ಟೇ ಅದು ನಡೆಯುತ್ತದೆ; ಮೊದಲೇ ಎಲ್ಲ ಖರ್ಚು ಮಾಡದೆ ಅನ್ನಕ್ಕೂ ಉಳಿಸಿಕೊಳ್ಳಿ. ಸೋಮವಾರ ಈ ಡಬ್ಬಿ ಊಟ ಇರುವುದಿಲ್ಲ, ಆ ದಿನ ಬೇಡ; ಮಧ್ಯಾಹ್ನದ ಊಟದ ಹೊತ್ತಿಗೇ ತಲುಪಿ.

ಸಸ್ಯಾಹಾರಿಗಳೇ, ‘ಮಾಂಸ ಬೇಡ’ ಎಂದರೆ ಸಾಲದು. ಅಲ್ಲಿ ಮೀನು ಆ ಲೆಕ್ಕಕ್ಕೆ ಬರುವುದಿಲ್ಲ. ತೊಕ್‌ಬೊಕ್ಕಿ ಎಂಬ ಖಾರದ ಅಕ್ಕಿ ಕಡುಬಿನ ಸಾರಿನಲ್ಲಿ ಒಣಮೀನು, ಕಿಂಬಾಪ್ ಎಂಬ ಕಡಲಪಾಚಿ ಸುತ್ತಿದ ಅನ್ನದ ಸುರುಳಿಯಲ್ಲಿ ಹ್ಯಾಮ್ (ಹಂದಿಮಾಂಸ) ಸಾಮಾನ್ಯ. ಮೀನೂ ಬೇಡ ಎಂದು ಹೆಸರಿಟ್ಟೇ ಹೇಳಿ. ದಾರಿ ನೋಡಲು ಫೋನ್‌ನಲ್ಲಿ ನೇವರ್ ಮ್ಯಾಪ್ ಎಂಬ ಕೊರಿಯಾದ ನಕ್ಷೆ ಆ್ಯಪ್ ಹಾಕಿಕೊಳ್ಳಿ.