ಅದೇ ಮೂಲೆಗೆ ಮತ್ತೆ ಮತ್ತೆ: ಒಂದು ಪೇಟೆಯನ್ನು ನಾನು ಫೋಟೋ ತೆಗೆಯುವ ರೀತಿ

ನಗರದ ಒಂದೇ ಒಂದು ಭಾಗವನ್ನು, ಸುಮ್ನೆ ನಡೆದುಕೊಂಡೇ ಸುತ್ತಿ ಬರಬಹುದಾದಷ್ಟು ಚಿಕ್ಕ ಪೇಟೆಯನ್ನು, ವರ್ಷಗಳಿಂದ ಫೋಟೋ ತೆಗೆಯುತ್ತಾ ಬಂದಿದ್ದೇನೆ. ಹೇಗೆ ಶುರು ಮಾಡೋದು ಅಂತ ಕೆಲವರು ಕೇಳುತ್ತಾರೆ. ಯಾವ ಕ್ಯಾಮೆರಾ ಅಂತ ಕೇಳುವವರು ಇನ್ನೂ ಜಾಸ್ತಿ. ಕ್ಯಾಮೆರಾ ವಿಷಯ ಮೊದಲೇ ಮುಗಿಸಿಬಿಡುತ್ತೇನೆ: ನಾನು 35 ಎಂಎಂ ಲೆನ್ಸ್ ಇರುವ ಚಿಕ್ಕ ಕ್ಯಾಮೆರಾ ಬಳಸುತ್ತೇನೆ. ನಿಮ್ಮ ಫೋನೂ ಸಾಕು. ಯಾವುದೇ ಇರಲಿ, ಪ್ರತಿ ಸಲ ಅದೇ ಲೆನ್ಸ್ ಬಳಸಿ.

ನಾನು ಮೊದಲು ಮಾಡಿದ್ದು ಒಂದು ಪಟ್ಟಿ. ಗೋಪುರ, ಹಳೇ ಕಟ್ಟಡ, ಗಡಿಯಾರ ಕಂಬ ಇವೆಲ್ಲ ಹೇಗೂ ಎಲ್ಲರ ಕಣ್ಣಿಗೆ ಬೀಳುತ್ತವೆ, ಅವುಗಳ ಫೋಟೋ ಬೇಕಾದಷ್ಟಿವೆ. ನನಗೆ ಬೇಕಿದ್ದದ್ದು ಅಲ್ಲಿನವರ ಗುರುತುಗಳು. ಹಾಗಾಗಿ ಅಂಗಡಿಯವರನ್ನು, ಅಂಚೆ ಹಂಚುವವರನ್ನು, ಬಸ್ಸಿಗೆ ಕಾಯುವವರನ್ನು ಒಂದೇ ಪ್ರಶ್ನೆ ಕೇಳಿದೆ: ಹೊಸಬರಿಗೆ ನೀವು ದಾರಿ ಹೇಗೆ ಹೇಳ್ತೀರಿ? ಬಂದ ಉತ್ತರಗಳಲ್ಲಿ ಒಂದು ತಿರುವಿನ ಮರ ಇತ್ತು, ನೀಲಿ ಗೇಟ್ ಇತ್ತು, ಕೈಯಲ್ಲಿ ಬರೆದ ದೊಡ್ಡ ಬೋರ್ಡ್ ಇತ್ತು, ಯಾವಾಗಲೋ ಮುಚ್ಚಿಹೋದ ಸಿನಿಮಾ ಟಾಕೀಸೂ ಇತ್ತು. ಟಾಕೀಸ್ ಬಿದ್ದುಹೋದ ಮೇಲೂ ಜನ ಅದರ ಹೆಸರು ಹೇಳಿಯೇ ದಾರಿ ತೋರಿಸುತ್ತಾರೆ. ಆ ಪಟ್ಟಿಯೇ ನನ್ನ ಕೆಲಸದ ನಕ್ಷೆ ಆಯಿತು.

ಇದೇನು ಹೊಸ ಕೆಲಸ ಅಲ್ಲ. 1860ರ ದಶಕದಲ್ಲಿ ಪ್ಯಾರಿಸ್‌ನ ಹಳೇ ಬೀದಿಗಳನ್ನು ಒಡೆದು ಅಗಲ ರಸ್ತೆ ಮಾಡುವಾಗ, ಒಡೆಯುವ ಮುಂಚೆ ಆ ಬೀದಿಗಳ ಫೋಟೋ ತೆಗೆಯಲು ಶಾರ್ಲ್ ಮಾರ್ವಿಲ್‌ಗೆ ನಗರಾಡಳಿತವೇ ಕೆಲಸ ಕೊಟ್ಟಿತ್ತು. ಅದೇ ಊರಲ್ಲಿ ಮುಂದೆ ಯೂಜೀನ್ ಅಟ್ಜೆ ದೊಡ್ಡ ಮರದ ಕ್ಯಾಮೆರಾ, ಗಾಜಿನ ಪ್ಲೇಟುಗಳನ್ನು ಹೊತ್ತುಕೊಂಡು, 1927ರಲ್ಲಿ ತೀರಿಕೊಳ್ಳುವವರೆಗೂ ಬೀದಿ, ಅಂಗಡಿ, ಬಾಗಿಲುಗಳನ್ನು ತೆಗೆಯುತ್ತಲೇ ಇದ್ದರು. ಗ್ಲಾಸ್ಗೋದಲ್ಲಿ ಥಾಮಸ್ ಅನನ್ 1868ರಿಂದ, ಒಡೆಯಬೇಕು ಅಂತ ಗುರುತು ಮಾಡಿದ್ದ ಇಕ್ಕಟ್ಟು ಓಣಿಗಳನ್ನು ಹಿಡಿದಿಟ್ಟರು. ಇವರ ಫೋಟೋಗಳನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಬೆಳಕು, ಭಾವ ಎಲ್ಲ ಸರಿ, ಆದರೆ ನನ್ನ ಕಣ್ಣು ಹೋಗುವುದು ಬೋರ್ಡಿನ ಅಕ್ಷರ, ಚರಂಡಿ, ಒಣಹಾಕಿದ ಬಟ್ಟೆಯ ಕಡೆಗೆ. ಆಗ ಯಾರಿಗೂ ಮುಖ್ಯ ಅನಿಸದಿದ್ದ ವಿವರಗಳೇ ಇವತ್ತು ಅಷ್ಟೊಂದು ಮಾತಾಡುತ್ತವೆ ಅಲ್ವಾ?

ಅದಕ್ಕೇ ನಾನು ಪ್ರತಿ ಗುರುತನ್ನೂ ಮೊದಲು ಅಲಂಕಾರ ಇಲ್ಲದೆ ನೇರವಾಗಿ ತೆಗೆಯುತ್ತೇನೆ. ಎದುರಿನ ಫುಟ್‌ಪಾತಲ್ಲಿ ನಿಂತು, ಕ್ಯಾಮೆರಾ ಮಟ್ಟವಾಗಿ ಹಿಡಿದು, ಎಫ್ 8 ಇಟ್ಟು (ಅಂದರೆ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಬರುವಷ್ಟು ಲೆನ್ಸಿನ ಕಿಂಡಿ ಕಿರಿದು ಮಾಡಿ), ಎರಡೂ ಪಕ್ಕದ ಕಟ್ಟಡಗಳು ಸ್ವಲ್ಪ ಸ್ವಲ್ಪ ಬರುವ ಹಾಗೆ. ಪಕ್ಕದ ಕಟ್ಟಡ ಬರಲೇಬೇಕು. ಮಧ್ಯದ್ದು ಹೋದ ಮೇಲೆ ಜಾಗ ಗುರುತು ಹಿಡಿಯಲು ಉಳಿಯುವುದು ಅದೊಂದೇ. ಕ್ಯಾಮೆರಾದ ಮುಖ ಮೇಲಕ್ಕೆ ವಾಲಿಸಿದರೆ ಗೋಡೆಗಳು ಹಿಂದಕ್ಕೆ ವಾಲಿದ ಹಾಗೆ ಕಾಣುತ್ತವೆ, ಹಾಗಾಗಿ ಎತ್ತರದ ಕಟ್ಟಡವಾದರೆ ಎದುರಿನ ಮನೆಯವರನ್ನು ಕೇಳಿ ಮೊದಲ ಮಹಡಿಗೆ ಹತ್ತುತ್ತೇನೆ. ಅದಾದ ಮೇಲೆ ನಿಮಗಿಷ್ಟ ಬಂದ ಕೋನದಲ್ಲಿ ತೆಗೆಯಿರಿ.

ಇನ್ನು ಮತ್ತೆ ಅದೇ ಜಾಗಕ್ಕೆ ಹೋಗಿ ತೆಗೆಯುವ ಕೆಲಸ. ನನಗೆ ಅತ್ಯಂತ ಖುಷಿ ಕೊಡುವುದು ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೇ ಫೋಟೋ ತೆಗೆದ ಜಾಗ ಕಂಡುಹಿಡಿಯಲು ಜನ ಝೂಮ್ ಮಾಡಿ ಹೋಲಿಸಲು ನೋಡುತ್ತಾರೆ. ಝೂಮ್ ಮಾಡಿದರೆ ಚಿತ್ರ ಕತ್ತರಿಸಿದ ಹಾಗೆ ಅಷ್ಟೇ. ಹತ್ತಿರದ ವಸ್ತು ಮತ್ತು ದೂರದ ವಸ್ತು ಒಂದಕ್ಕೊಂದು ಹೇಗೆ ಕಾಣುತ್ತವೆ ಅನ್ನೋದು ನೀವು ನಿಂತ ಜಾಗದ ಮೇಲೆ ಮಾತ್ರ ನಿಂತಿದೆ. ಹಾಗಾಗಿ ಹಳೇ ಫೋಟೋದ ಪ್ರಿಂಟ್ ಕೈಯಲ್ಲಿ ಹಿಡಿದು, ಒಂದು ಹತ್ತಿರದ ವಸ್ತು, ಒಂದು ದೂರದ ವಸ್ತು ಆರಿಸಿಕೊಳ್ಳಿ: ದೀಪದ ಕಂಬದ ಅಂಚು, ಅದರ ಹಿಂದೆ ಕಾಣುವ ಕಿಟಕಿಯ ಮೂಲೆ. ಹಳೇ ಫೋಟೋದಲ್ಲಿ ಎರಡೂ ಒಂದೇ ಗೆರೆಯಲ್ಲಿದ್ದು, ಈಗ ಕಂಬ ಕಿಟಕಿಗಿಂತ ಬಲಕ್ಕೆ ಸರಿದಿದ್ದರೆ ನೀವು ಎಡಕ್ಕೆ ಜಾಸ್ತಿ ಬಂದಿದ್ದೀರಿ, ಬಲಕ್ಕೆ ಹೆಜ್ಜೆ ಹಾಕಿ. ಒಂದು ಜೋಡಿ ಸರಿಹೋದರೆ ನೀವು ಸರಿಯಾದ ಗೆರೆಯ ಮೇಲಿದ್ದೀರಿ ಅಂತ ಅರ್ಥ. ಚಿತ್ರದ ಇನ್ನೊಂದು ಬದಿಯಲ್ಲಿ ಎರಡನೇ ಜೋಡಿ ಹುಡುಕಿ. ಎರಡು ಗೆರೆ ಸೇರುವ ಕಡೆಯೇ ಆ ಜಾಗ. ಎತ್ತರಕ್ಕೂ ಇದೇ ಲೆಕ್ಕ, ಕಂಬದ ತುದಿ ಹಿಂದಿನ ಗೋಡೆಯಲ್ಲಿ ಎಲ್ಲಿಗೆ ಬರುತ್ತದೆ ನೋಡಿ.

ಬೆಳಕೂ ಹೊಂದಬೇಕಲ್ಲ. ಗಡಿಯಾರ ನೋಡಿಕೊಂಡು ಅದೇ ಹೊತ್ತಿಗೆ ಹೋದರೆ ಸಾಲದು, ಸೂರ್ಯನ ದಾರಿ ವರ್ಷಪೂರ್ತಿ ಸರಿಯುತ್ತಾ ಇರುತ್ತದೆ. ಸುಲಭ ದಾರಿ ಅಂದರೆ ಪ್ರತಿ ವರ್ಷ ಅದೇ ತಾರೀಖಿನ ಆಸುಪಾಸು ಹೋಗುವುದು. ಅದು ತಪ್ಪಿಹೋದರೆ ವರ್ಷದಲ್ಲಿ ಇನ್ನೊಂದು ದಿನ ಸಿಗುತ್ತದೆ: ಜೂನ್ 21ರಿಂದ ಎಷ್ಟು ದಿನ ಹಿಂದೆಯೋ ಅಷ್ಟೇ ದಿನ ಮುಂದೆ ಸೂರ್ಯ ಹೆಚ್ಚುಕಡಿಮೆ ಅದೇ ದಾರಿಯಲ್ಲಿರುತ್ತಾನೆ. ಏಪ್ರಿಲ್ 20ರ ನೆರಳು ಬೇಕಿದ್ದರೆ ಆಗಸ್ಟ್ 22ಕ್ಕೆ ಹೋಗಿ. ಗಡಿಯಾರದಲ್ಲಿ ಕೆಲವು ನಿಮಿಷ ಹೆಚ್ಚುಕಮ್ಮಿ ಆಗುತ್ತದೆ, ನೆರಳನ್ನೇ ನೋಡಿಕೊಂಡು ಕ್ಲಿಕ್ ಮಾಡಿದರಾಯಿತು. ಇಕ್ಕಟ್ಟು ಓಣಿಗಳಿಗೆ ನಡು ಮಧ್ಯಾಹ್ನವೇ ಒಳ್ಳೆಯದು, ಆಗಷ್ಟೇ ಬಿಸಿಲು ನೆಲಕ್ಕೆ ಇಳಿಯುತ್ತದೆ. ಬೋರ್ಡು, ಬರಹಗಳಿಗೆ ಮೋಡದ ದಿನ.

ಒಂದು ಕಟ್ಟಡ ಹೋಗುತ್ತದೆ ಅಂತ ಮೊದಲೇ ತಿಳಿಯಲು ಕಣ್ಣು ಪಳಗಬೇಕು. ಗೋಡೆಗೆ ನೋಟಿಸ್ ಅಂಟುತ್ತದೆ. ಕರೆಂಟ್ ಮೀಟರ್ ಕಿತ್ತು ವೈರ್ ಮಾತ್ರ ಜೋತಾಡುತ್ತದೆ. ಕಿಟಕಿ ಬಾಗಿಲುಗಳನ್ನು ಮಾರಲು ಬಿಚ್ಚುತ್ತಾರೆ. ಇಷ್ಟು ಕಂಡರೆ ನಾನು ಬೇರೆ ಕೆಲಸ ಬಿಟ್ಟು ಅಲ್ಲಿಗೆ ಹೋಗುತ್ತೇನೆ. ಮುಂಚೆ, ಆಮೇಲೆ ಅಂತ ಎರಡೇ ಫೋಟೋ ಪಕ್ಕಪಕ್ಕ ಇಡುವುದು ನನಗೆ ಸಾಕಾಗುವುದಿಲ್ಲ, ನಡುವಿನದ್ದೇ ನಿಜವಾದ ಕಥೆ. ಕಟ್ಟಡ ಕೆಡವಿದ ಮೇಲೆ ಪಕ್ಕದ ಗೋಡೆಯಲ್ಲಿ ಅದರ ಅಚ್ಚು ಉಳಿದಿರುತ್ತದೆ. ಮೆಟ್ಟಿಲು ಹತ್ತಿಹೋದ ಗೆರೆ, ಒಂದೊಂದು ಕೋಣೆಗೆ ಬಳಿದಿದ್ದ ಒಂದೊಂದು ಬಣ್ಣ, ಬಚ್ಚಲಿನ ಟೈಲ್ಸ್, ಕ್ಯಾಲೆಂಡರ್ ತೂಗುಹಾಕುತ್ತಿದ್ದ ಮೊಳೆ. ಒಂದು ಮನೆಯ ಒಳಗಿನ ಬದುಕೆಲ್ಲ ಬೀದಿಗೆ ಕಾಣುತ್ತಾ ನಿಂತಿರುತ್ತದೆ. ಹೊಸ ಗೋಡೆ ಎದ್ದ ಕೂಡಲೇ ಅದು ಮುಚ್ಚಿಹೋಗುತ್ತದೆ, ಮತ್ತೆಂದೂ ಸಿಗುವುದಿಲ್ಲ. ಈ ಗೋಡೆಗಳ ಫೋಟೋಗಳು ನನ್ನ ಸಂಗ್ರಹದಲ್ಲೇ ನನಗೆ ಪ್ರಿಯವಾದವು.

ಜನರ ವಿಷಯ. 1838ರಲ್ಲಿ, ಫೋಟೋ ತೆಗೆಯುವ ವಿಧಾನ ಕಂಡುಹಿಡಿದವರಲ್ಲಿ ಒಬ್ಬರಾದ ಡಾಗೆರ್ ಪ್ಯಾರಿಸ್‌ನ ಜನನಿಬಿಡ ರಸ್ತೆಯೊಂದನ್ನು ತೆಗೆದಾಗ ಒಂದು ಫೋಟೋಗೇ ಹಲವು ನಿಮಿಷ ಬೇಕಿತ್ತು. ಓಡಾಡುವ ಜನ, ಗಾಡಿಗಳು ಯಾವುವೂ ಅಚ್ಚಾಗಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳಲು ಒಂದೇ ಕಡೆ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಸ್ಪಷ್ಟವಾಗಿ ಉಳಿದ. ನಮಗೀಗ ಸೆಕೆಂಡಿನ 250ರಲ್ಲಿ ಒಂದು ಭಾಗ ಸಾಕು, ನಡೆಯುವವರೂ ನಿಂತ ಹಾಗೆ ಬರುತ್ತಾರೆ. ಹಾಗಿದ್ದೂ ಹೆಸರಾದ ಕಟ್ಟಡ ತೆಗೆಯುವಾಗ ಜನ ಸರಿದು ಹೋಗಲಿ ಅಂತ ಕಾಯುವವರಿದ್ದಾರೆ. ನಾನು ಜನ ಬರಲಿ ಅಂತ ಕಾಯುತ್ತೇನೆ. ಬೀಗ ತೆಗೆಯುವ ಹೊತ್ತು, ಶಾಲೆ ಬಿಡುವ ಹೊತ್ತು, ಶಟರ್ ಎಳೆಯುವ ಹೊತ್ತು. ಒಂದೇ ಬಾಗಿಲು ಈ ಮೂರು ಹೊತ್ತಿನಲ್ಲಿ ಮೂರು ಬೇರೆ ಜಾಗಗಳ ಹಾಗೆ ಕಾಣುತ್ತದೆ.

ಒಬ್ಬರ ಕೆಲಸವನ್ನು ಹತ್ತಿರದಿಂದ ತೆಗೆಯುವಾಗ ಕೇಳಿಯೇ ತೆಗೆಯುತ್ತೇನೆ. ಯಾಕೆ ಅಂತ ಎರಡು ಮಾತಲ್ಲಿ ಹೇಳುತ್ತೇನೆ. ಬೇಡ ಅಂದರೆ ಬೇಡ. ಮಕ್ಕಳ ಮುಖ ಕಾಣುವಂಥದ್ದನ್ನು ದೊಡ್ಡವರು ಒಪ್ಪದೆ ಎಲ್ಲೂ ಹಾಕುವುದಿಲ್ಲ. ಆಮೇಲೆ ತಪ್ಪದೇ ಪ್ರಿಂಟ್ ಕೊಡುತ್ತೇನೆ, ಫೋನಿಗೆ ಕಳಿಸಿ ಸುಮ್ಮನಾಗುವುದಿಲ್ಲ. ಪ್ರಿಂಟ್ ಕೈಗೆ ಸಿಕ್ಕರೆ ಅಂಗಡಿ ಗೋಡೆಗೆ ಅಂಟುತ್ತದೆ, ಬಂದವರೆಲ್ಲ ನೋಡುತ್ತಾರೆ, ಆಗ ಯಾರಾದರೂ ‘ನಮ್ಮ ಮನೇಲೂ ಒಂದು ಹಳೇ ಫೋಟೋ ಇದೆ’ ಅನ್ನುತ್ತಾರೆ. ಮದುವೆಯದೋ ಹುಟ್ಟುಹಬ್ಬದ್ದೋ ಫೋಟೋ ಅದು. ಮನೆಯವರು ಮುಖಗಳನ್ನು ತೋರಿಸುತ್ತಾರೆ, ನನಗೆ ಅವರ ಬೆನ್ನ ಹಿಂದೆ ಈಗ ಇಲ್ಲದ ಒಂದು ಇಡೀ ಬೀದಿ ಕಾಣುತ್ತದೆ! ಅಂಥದ್ದನ್ನು ಅವರೆದುರೇ, ಕಿಟಕಿಯ ಬೆಳಕಿನಲ್ಲಿ ಫ್ಲಾಶ್ ಇಲ್ಲದೆ ಕಾಪಿ ಮಾಡಿಕೊಂಡು, ಮೂಲವನ್ನು ಅಲ್ಲೇ ವಾಪಸ್ ಕೊಡುತ್ತೇನೆ. ಹಿಂಬದಿಯನ್ನೂ ತೆಗೆಯುತ್ತೇನೆ, ತಾರೀಖು, ಸ್ಟುಡಿಯೋ ಮೊಹರು ಇರುವುದು ಅಲ್ಲೇ.

ಬರೆದಿಡುವ ಕೆಲಸ ಬೇಸರದ್ದು, ಆದರೂ ಅದನ್ನು ಅದೇ ದಿನ ಮಾಡಿ. ಕ್ಯಾಮೆರಾದ ಗಡಿಯಾರ ಸರಿ ಇದೆಯಾ ಅಂತ ಹೊರಡುವಾಗಲೇ ನೋಡಿಕೊಳ್ಳಿ. ಯಾವ ತಿರುವು, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು, ಅಲ್ಲಿನವರು ಏನಂದರು, ಇಷ್ಟನ್ನು ಫೋಟೋ ಫೈಲಿನ ಒಳಗೇ ಕ್ಯಾಪ್ಶನ್ ಆಗಿ ಸೇರಿಸುತ್ತೇನೆ. ಫೈಲ್ ಹೆಸರು ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ ಶುರುವಾದರೆ ತಾನಾಗಿ ಸಾಲಾಗಿ ನಿಲ್ಲುತ್ತದೆ. ಸೋಶಿಯಲ್ ಮೀಡಿಯಾಕ್ಕೆ ಹಾಕಿದ್ದನ್ನೇ ಮೂಲ ಅಂದುಕೊಳ್ಳಬೇಡಿ, ಅಲ್ಲಿ ಫೋಟೋ ಚಿಕ್ಕದಾಗುತ್ತದೆ, ಒಳಗೆ ಬರೆದದ್ದೂ ಎಷ್ಟೋ ಸಲ ಅಳಿಸಿಹೋಗುತ್ತದೆ. ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿ. ಚೆನ್ನಾಗಿ ಬಂದಿಲ್ಲ ಅಂತ ಯಾವುದನ್ನೂ ಡಿಲೀಟ್ ಮಾಡುವುದಿಲ್ಲ. ಎಲ್ಲ ಮಂಜಾಗಿದ್ದರೂ ಮೂಲೆಯಲ್ಲಿ ಒಂದು ಬೋರ್ಡ್ ಓದಲು ಬರುತ್ತಿದ್ದರೆ ಅದು ಉಳಿಯಬೇಕು. ಈಗ ಇವನ್ನೆಲ್ಲ ಬೀದಿವಾರು ವಿಂಗಡಿಸುತ್ತಿದ್ದೇನೆ. ಪೇಟೆಯ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಬೇಕು ಅಂತಿದೆ, ಅದಕ್ಕೆ ಮುಂಚೆ ಫೋಟೋದಲ್ಲಿರುವವರನ್ನು ಆದಷ್ಟು ಹುಡುಕಿ ಒಬ್ಬೊಬ್ಬರನ್ನೇ ಕೇಳಿಕೊಂಡು ಬರುತ್ತಿದ್ದೇನೆ.