ಬೆಂದ ಚಿಕನ್ ಕೆಡುವುದು ಫ್ರೀಜರ್‌ನ ಹೊರಗೆ

ಎತ್ತಿಟ್ಟ ಚಿಕನ್ ತಿಂದು ಹೊಟ್ಟೆ ಕೆಟ್ಟರೆ ಎಲ್ಲರೂ ಫ್ರೀಜರನ್ನೇ ಬೈಯುತ್ತಾರೆ. ಆದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹೆಚ್ಚಿನವು ಸಾಯುವುದೂ ಇಲ್ಲ, ಹಾಗೇ ಉಳಿದಿರುತ್ತವೆ. ಎಡವಟ್ಟಾಗುವುದು ಒಳಗಿಡುವ ಮೊದಲು, ಇಲ್ಲವೇ ಹೊರಗೆ ತೆಗೆದ ಮೇಲೆ.

1. ಬಿಸಿ ಆರಿಸುವುದು

ಹೆಚ್ಚಿನವರು ತಪ್ಪುವುದು ಇಲ್ಲೇ. ರಾತ್ರಿ ಊಟ ಮುಗಿದ ಮೇಲೆ ಪಾತ್ರೆಗೆ ಮುಚ್ಚಳ ಹಾಕಿ ಒಲೆಯ ಮೇಲೇ ಬಿಡುತ್ತಾರೆ. ‘ಪೂರ್ತಿ ಆರಲಿ, ಆಮೇಲೆ ಇಟ್ಟರಾಯ್ತು’ ಅಂದುಕೊಂಡು ಮಲಗಿಬಿಡುತ್ತಾರೆ. ದೊಡ್ಡ ಪಾತ್ರೆಯಲ್ಲಿ ಮೇಲ್ಭಾಗ ಆರಿದಂತೆ ಕಂಡರೂ, ಸೌಟನ್ನು ತಳಕ್ಕಿಳಿಸಿ ಕದಡಿದರೆ ಹಬೆ ಏಳುತ್ತದೆ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಹೆಚ್ಚುತ್ತವೆ. ಆ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಅದೇ ಬಿಸಿಯಲ್ಲಿ ಇರುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಉಳಿಯುತ್ತವೆ. ಗಾಳಿಯಾಡದ, ನಿಧಾನಕ್ಕೆ ಆರುವ ಮಾಂಸದ ಪಾತ್ರೆ ಸಿಕ್ಕರೆ ಅವಕ್ಕೆ ಇನ್ನೇನು ಬೇಕು?

ಒಲೆ ಆರಿಸಿದ ಎರಡು ಗಂಟೆಯೊಳಗೆ ಚಿಕನ್ ಫ್ರಿಜ್ ಸೇರಬೇಕು. ಸುತ್ತಲಿನ ಗಾಳಿಯೇ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಅದಕ್ಕೆ ಅಗಲವಾದ ತಟ್ಟೆಗೆ ಸುರಿಯಿರಿ, ಆಳ 5 ಸೆಂಟಿಮೀಟರ್ ಮೀರದಿರಲಿ. ಇಡೀ ಕೋಳಿ ಬೇಯಿಸಿದ್ದರೆ ಮಾಂಸ ಬಿಡಿಸಿ ಹರಡಿ. ಗ್ರೇವಿ ಜಾಸ್ತಿ ಇದ್ದರೆ ಪಾತ್ರೆಯನ್ನು ಐಸ್ ಹಾಕಿದ ನೀರಿನ ಟಬ್ಬಿನಲ್ಲಿಟ್ಟು ಆಗಾಗ ಕದಡುತ್ತಿರಿ. ಹಬೆ ನಿಂತ ಕೂಡಲೇ ಫ್ರಿಜ್‌ಗೆ ಇಡಬಹುದು, ಇನ್ನೂ ಉಗುರುಬೆಚ್ಚಗಿದ್ದರೂ ತೊಂದರೆಯಿಲ್ಲ. ಬಿಸಿ ಇಟ್ಟರೆ ಫ್ರಿಜ್ ಹಾಳಾಗುತ್ತದೆ ಅನ್ನುವವರ ಮಾತು ಕೇಳಬೇಡಿ. ಕುದಿಯುವ ದೊಡ್ಡ ಪಾತ್ರೆಯನ್ನು ಹಾಗೇ ತುರುಕಿದರೆ ಪಕ್ಕದ ಹಾಲು ಬಿಸಿಯಾದೀತು, ಅಷ್ಟೆ. ತೆಳ್ಳಗೆ ಹರಡಿದ ತಟ್ಟೆಯಿಂದ ಆ ಭಯವಿಲ್ಲ.

ಅನ್ನದ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಹೊರಗೇ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಆಮೇಲೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಒಂದು ಗಂಟೆಯೊಳಗೆ ಆರಿಸಿ ಒಳಗಿಡಿ.

2. ಕಟ್ಟಿಡುವುದು

ಒಂದು ಹೊತ್ತಿಗೆ ಬೇಕಾದಷ್ಟನ್ನೇ ಒಂದೊಂದು ಪೊಟ್ಟಣ ಮಾಡಿ. ನನ್ನ ಪ್ರಕಾರ ದಪ್ಪ ಜಿಪ್ ಕವರ್‌ಗಿಂತ ಒಳ್ಳೆಯದು ಇಲ್ಲ. ಗಾಳಿ ಒತ್ತಿ ತೆಗೆದು, ಮಟ್ಟಸವಾಗಿ ಮಲಗಿಸಿಟ್ಟರೆ ಬೇಗ ಗಡ್ಡೆ ಕಟ್ಟುತ್ತದೆ, ಬೇಗ ಕರಗುತ್ತದೆ. ತೆಳು ಕವರ್ ಬೇಡವೇ ಬೇಡ. ಅದರಲ್ಲಿ ಗಾಳಿ ನುಗ್ಗಿ ಮಾಂಸದ ಮೇಲೆ ಬಿಳಿ ಒಣ ಕಲೆ ಬೀಳುತ್ತದೆ. ತಿಂದರೆ ಅಪಾಯವಿಲ್ಲ, ಆದರೆ ಹತ್ತಿ ಅಗಿದಂತಿರುತ್ತದೆ. ಗ್ರೇವಿಯನ್ನು ಡಬ್ಬಿಗೆ ಹಾಕುವುದಾದರೆ ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಿ, ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ತಾರೀಖು ಬರೆಯಿರಿ. ನಾಲ್ಕು ತಿಂಗಳವರೆಗೆ ರುಚಿ ಚೆನ್ನಾಗಿರುತ್ತದೆ. ಆಲೂಗಡ್ಡೆ, ಬೇಯಿಸಿದ ಮೊಟ್ಟೆ ಇದ್ದರೆ ಮೊದಲೇ ತೆಗೆದುಬಿಡಿ. ಒಂದು ಪುಡಿಪುಡಿಯಾಗುತ್ತದೆ, ಇನ್ನೊಂದು ರಬ್ಬರ್ ಆಗುತ್ತದೆ.

3. ಕರಗಿಸುವುದು

ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ, ಅಡಿಗೊಂದು ತಟ್ಟೆ ಇರಲಿ. ಹೀಗೆ ಕರಗಿದ್ದನ್ನು ಮೂರು ನಾಲ್ಕು ದಿನದೊಳಗೆ ಮುಗಿಸಿ. ಅವಸರವಿದ್ದರೆ ನೀರು ನುಗ್ಗದ ಕವರ್‌ನಲ್ಲಿ ತಣ್ಣೀರಿಗೆ ಹಾಕಿ, 30 ನಿಮಿಷಕ್ಕೊಮ್ಮೆ ನೀರು ಬದಲಿಸಿ. ತಣ್ಣೀರಲ್ಲೋ ಮೈಕ್ರೋವೇವ್‌ನಲ್ಲೋ ಕರಗಿಸಿದರೆ ಕೂಡಲೇ ಬಿಸಿ ಮಾಡಬೇಕು. ಬೆಳಗ್ಗೆ ಕಟ್ಟೆಯ ಮೇಲಿಟ್ಟು ಕೆಲಸಕ್ಕೆ ಹೋಗುವುದು, ಬಿಸಿನೀರಿಗೆ ಹಾಕುವುದು ಎರಡೂ ತಪ್ಪು. ಒಳಗೆ ಐಸ್ ಇರುವಾಗಲೇ ಹೊರಗೆ ಬ್ಯಾಕ್ಟೀರಿಯಾ ಶುರು ಹಚ್ಚಿಕೊಳ್ಳುತ್ತವೆ. ನಾನು ಒಪ್ಪುವ ಅಡ್ಡದಾರಿ ಒಂದೇ: ಸೂಪ್, ಗ್ರೇವಿಗಳನ್ನು ಕರಗಿಸದೆ ನೇರ ಪಾತ್ರೆಗೆ ಹಾಕಿ ಕುದಿಸಬಹುದು.

4. ಬಿಸಿ ಮಾಡುವುದು

ಅತಿ ದಪ್ಪ ತುಂಡಿನ ನಡುವೆ 74 ಡಿಗ್ರಿ ಮುಟ್ಟಬೇಕು. ಅಡುಗೆ ಥರ್ಮಾಮೀಟರ್ ಒಂದು ಕೊಂಡಿಡಿ, ಮೂಗನ್ನು ನಂಬಬೇಡಿ. ಕಾಯಿಲೆ ತರುವ ಬ್ಯಾಕ್ಟೀರಿಯಾ ಇದ್ದರೂ ವಾಸನೆ ಬದಲಾಗದೇ ಇರಬಹುದು. ಗ್ರೇವಿ ಕೊತಕೊತ ಕುದಿಯಲಿ. ಮೈಕ್ರೋವೇವ್ ಒಂದೇ ಸಮ ಬಿಸಿ ಮಾಡುವುದಿಲ್ಲ. ಮುಚ್ಚಿಟ್ಟು, ನಡುವೆ ಒಮ್ಮೆ ತಿರುವಿ, ತೆಗೆದ ಮೇಲೆ ಎರಡು ನಿಮಿಷ ಬಿಡಿ. ಸ್ಲೋ ಕುಕ್ಕರ್ ಈ ಕೆಲಸಕ್ಕೆ ಬಾರದು, ಬಿಸಿಯಾಗಲು ತೀರಾ ಹೊತ್ತು ಹಿಡಿಯುತ್ತದೆ. ತಿನ್ನುವಷ್ಟನ್ನು ಮಾತ್ರ ಬಿಸಿ ಮಾಡಿ.

ಕರೆಂಟ್ ಹೋದರೆ ಫ್ರೀಜರ್ ಬಾಗಿಲು ತೆಗೆದು ನೋಡುತ್ತಾ ಕೂರಬೇಡಿ. ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಂಪು ಹಿಡಿದಿಡುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಕರೆಂಟ್ ಬಂದ ಮೇಲೆ ಪೊಟ್ಟಣ ಒತ್ತಿ ನೋಡಿ. ಒಳಗಿನ್ನೂ ಐಸ್ ಹರಳು ಇದ್ದರೆ ಹಾಗೇ ಬಿಡಬಹುದು. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಎಸೆಯಿರಿ.