ಹಾಲುಹಲ್ಲಿನ ಬೇರುನಾಳಕ್ಕೆ ಲೇಸರ್: ಮೊದಲು ಗೋಡೆ ಕಟ್ಟಿದ್ದು

ಐದು ವರ್ಷದ ಹುಡುಗಿಯೊಬ್ಬಳ ಕೆಳದವಡೆಯ ಎರಡನೆಯ ಹಾಲು ದವಡೆಹಲ್ಲಿನಲ್ಲಿ ಹುಳುಕು ತಿರುಳನ್ನು ಮುಟ್ಟಿ, ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದಿತ್ತು. "ಹೇಗೂ ಬಿದ್ದುಹೋಗೋ ಹಲ್ಲಲ್ವಾ ಮೇಡಂ, ಕಿತ್ತುಬಿಡಿ" ಎಂದರು ತಾಯಿ. ಈ ಹಲ್ಲು 10ರಿಂದ 12ನೆಯ ವಯಸ್ಸಿನವರೆಗೆ ಬಾಯಿಯಲ್ಲಿರಬೇಕಾದದ್ದು. ಈಗಲೇ ಕಿತ್ತರೆ, ಆರರ ಸುಮಾರಿಗೆ ಹಿಂದಿನಿಂದ ಹುಟ್ಟುವ ಶಾಶ್ವತ ದವಡೆಹಲ್ಲು ಮುಂದಕ್ಕೆ ಸರಿದು, ಅಡಿಯಲ್ಲಿ ಬೆಳೆಯುತ್ತಿರುವ ಹಲ್ಲಿಗೆ ಜಾಗವಿಲ್ಲದಂತಾಗಬಹುದೆಂದು ಎಕ್ಸ್‌ರೇ ತೋರಿಸಿ ವಿವರಿಸಿದ ಮೇಲೆ ಅವರು ಹಲ್ಲು ಉಳಿಸುವ ಬೇರುನಾಳ ಚಿಕಿತ್ಸೆಗೆ ಒಪ್ಪಿದರು.

ಹಾಲುಹಲ್ಲಿನ ಬೇರುಗಳೊಳಗೆ ತಿರುಳು ಹಾಯುವ ನಾಳಗಳು ಹಲವೆಡೆ ಪಟ್ಟಿಯಂತೆ ಚಪ್ಪಟೆಯಾಗಿದ್ದು, ಅಲ್ಲಲ್ಲಿ ಕವಲೊಡೆದು, ಬೇರಿನೊಂದಿಗೆ ಬಾಗುತ್ತವೆ. ನಾಳ ಕೆರೆಯುವ ಸೂಜಿಯಂಥ ಫೈಲ್ ಮುಟ್ಟುವುದು ಅವುಗಳ ಒಂದು ಭಾಗವನ್ನು ಮಾತ್ರ. ಬೇರಿನ ಗೋಡೆ ತೆಳುವಾಗಿರುವುದರಿಂದ ಹೆಚ್ಚು ಕೆರೆಯುವಂತೆಯೂ ಇಲ್ಲ. ಉಳಿದದ್ದನ್ನು ದ್ರವವೇ ತೊಳೆಯಬೇಕು. 2940 ನ್ಯಾನೋಮೀಟರಿನ ಎರ್ಬಿಯಂ ಯಾಗ್ ಲೇಸರಿನ ಬೆಳಕನ್ನು ನೀರು ಬಹಳ ಬೇಗ ಹೀರಿಕೊಳ್ಳುತ್ತದೆ. ಪ್ರತಿ ಮಿಡಿತಕ್ಕೂ ತುದಿಯಲ್ಲಿ ಆವಿಯ ಗುಳ್ಳೆಯೊಂದು ಉಬ್ಬಿ ಕುಸಿಯುತ್ತದೆ, ಆ ಅಲೆ ನಾಳದೊಳಗಿನ ದ್ರವವನ್ನು ಕದಡುತ್ತದೆ. ತೊಳೆಯುವುದು ದ್ರವವೇ, ಲೇಸರ್ ಅದನ್ನು ಓಡಿಸುತ್ತದೆ ಅಷ್ಟೆ ಎಂಬುದನ್ನು ನಾನು ಓದಿ ತಿಳಿದಿದ್ದೆನಾದರೂ, ಕೈಗೆ ಅರ್ಥವಾದದ್ದು ಒಂದು ತಪ್ಪಿನಿಂದ.

ಈ ಹುಡುಗಿಗಿಂತ ಮೊದಲು ನೋಡಿದ್ದ ಮಗುವೊಂದರ ಹಲ್ಲಿನ ಹಿಂಬದಿಯ ಗೋಡೆ ಹುಳುಕಿನಿಂದ ಕುಸಿದಿತ್ತು. ಹಾಗೆಯೇ ಲೇಸರ್ ಹಿಡಿದೆ. ದ್ರವ ಆ ಕಡೆಯಿಂದ ಸೋರುತ್ತಲೇ ಇತ್ತು, ತುದಿ ಬಹುಪಾಲು ಗಾಳಿಯಲ್ಲಿಯೇ ಮಿಡಿಯಿತು. ಸುತ್ತು ಮುಗಿಯಿತೆಂದುಕೊಂಡು ನಾಳದ ತೇವ ಹೀರುವ ಕಾಗದದ ಕಡ್ಡಿ, ಪೇಪರ್ ಪಾಯಿಂಟ್, ಇಳಿಸಿದರೆ ಅದು ಕೊಳೆಯೊಂದಿಗೇ ಮೇಲೆ ಬಂತು. ಹಲ್ಲನ್ನು ಬಾಯಿಯಿಂದ ಬೇರ್ಪಡಿಸುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಇಲ್ಲದಿದ್ದರೆ ನಾಳ ತೊಳೆಯುವ ಹೈಪೋಕ್ಲೋರೈಟ್ ದ್ರವ ಚಿಮ್ಮಿ ಮಗುವಿನ ಬಾಯಿಗೇ ಹೋಗುತ್ತಿತ್ತು. ಅಂದಿನಿಂದ ಹುಳುಕು ತೆಗೆದ ಕೂಡಲೇ ಗ್ಲಾಸ್ ಅಯೊನೊಮರ್ ಎಂಬ ಹಲ್ಲಿನ ಸಿಮೆಂಟಿನಿಂದ ಗೋಡೆ ಕಟ್ಟಿ, ದ್ರವ ನಿಲ್ಲುವ ಪುಟ್ಟ ತೊಟ್ಟಿಯಾದ ಮೇಲೆಯೇ ಮುಂದಿನ ಕೆಲಸ.

ಈ ಹುಡುಗಿಗೂ ಹಾಗೆಯೇ ಮಾಡಿದೆ. ಚಟಚಟ ಸದ್ದಿಗೆ ಹೆದರದಿರಲೆಂದು ಮೊದಲೇ ಲೋಟದ ನೀರಿನಲ್ಲಿ ಲೇಸರ್ ಹಾಯಿಸಿ ಕೇಳಿಸಿದೆ. ಅವಳಿಗೂ, ನನಗೂ, ಸಹಾಯಕಿಗೂ, ಪಕ್ಕದಲ್ಲಿದ್ದ ತಾಯಿಗೂ ಆ ತರಂಗಾಂತರಕ್ಕೆ ತಕ್ಕ ಕನ್ನಡಕವಿತ್ತು. ಮಿಡಿತಕ್ಕೆ 20 ಮಿಲಿಜೂಲ್, ಸೆಕೆಂಡಿಗೆ 15 ಮಿಡಿತ, ಅಂದರೆ 0.3 ವಾಟ್, ಹ್ಯಾಂಡ್‌ಪೀಸಿನ ಗಾಳಿ ಮತ್ತು ನೀರು ಬಂದ್. ತುದಿಯನ್ನು ನಾಳದೊಳಗೆ ಇಳಿಸದೆ, ತಿರುಳಿನ ಕೋಣೆಯ ದ್ರವದಲ್ಲಿ ಮಾತ್ರ ಮುಳುಗಿಸಿದ್ದೆ. ಸಹಾಯಕಿ 1% ಸೋಡಿಯಂ ಹೈಪೋಕ್ಲೋರೈಟನ್ನು ಒತ್ತಡವಿಲ್ಲದೆ ತುಂಬಿಸುತ್ತಲೇ ಇದ್ದರು. 30 ಸೆಕೆಂಡು ಲೇಸರ್, 30 ಸೆಕೆಂಡು ಬಿಡುವು. ಹೀಗೆ ಮೂರು ಸುತ್ತು, ಕೊನೆಗೆ ಸಲೈನ್.

ದೊಡ್ಡವರ ಹಲ್ಲಿಗೂ ಇದಕ್ಕೂ ವ್ಯತ್ಯಾಸವಿರುವುದು ಬೇರಿನ ತುದಿಯಲ್ಲಿ. ಹಾಲುಹಲ್ಲಿನ ಬೇರು ಸಹಜವಾಗಿಯೇ ಕರಗುತ್ತಾ ಬರುತ್ತದೆ, ಅದರ ಕವಲುಗಳ ನಡುವೆಯೇ ಶಾಶ್ವತ ಹಲ್ಲಿನ ಮೊಳಕೆ ಕುಳಿತಿರುತ್ತದೆ. ದ್ರವ ಆಚೆ ದಾಟಿದರೆ ನೋವು ಮತ್ತು ಊತ ಮಾತ್ರವಲ್ಲ, ಆ ಮೊಳಕೆಗೂ ಅಪಾಯ. ಎಕ್ಸ್‌ರೇಯಲ್ಲಿ ಬೇರು ಗಮನಾರ್ಹವಾಗಿ ಕರಗಿದ್ದರೆ ನಾನು ಲೇಸರನ್ನು ಮುಟ್ಟುವುದೇ ಇಲ್ಲ.

ವಾರ ಕಳೆದು ಬಂದಾಗ ಕೀವಿನ ಗುಳ್ಳೆ ಆರಿತ್ತು. ನಾಳಗಳಿಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮತ್ತು ಅಯೊಡೋಫಾರ್ಮ್ ಪೇಸ್ಟ್ ತುಂಬಿ ಸ್ಟೀಲ್ ಕ್ರೌನ್ ಕೂರಿಸಿದೆ. ಆರು ತಿಂಗಳ ಎಕ್ಸ್‌ರೇಯಲ್ಲಿ ಬೇರುಗಳ ನಡುವಿನ ಕಪ್ಪು ನೆರಳು ಬಹಳಷ್ಟು ತಿಳಿಯಾಗಿತ್ತು. ಇದರಲ್ಲಿ ಲೇಸರಿನ ಪಾಲೆಷ್ಟು, ಡ್ಯಾಮ್ ಮತ್ತು ಬಿಗಿಯಾದ ಕ್ರೌನಿನ ಪಾಲೆಷ್ಟು ಎಂದು ಒಂದೇ ಹಲ್ಲಿನಿಂದ ಬೇರ್ಪಡಿಸಿ ಹೇಳಲಾಗದೆಂದು ತಾಯಿಗೂ ತಿಳಿಸಿ, ಮುಂದಿನ ಎಕ್ಸ್‌ರೇಗೆ ದಿನ ಬರೆದುಕೊಟ್ಟೆ.